ಲಾರಿ ಮೇಲಿನ ತೋಪು ಉಕ್ರೇನ್‌ಗೆ ಯಾಕೆ ಅಷ್ಟು ಬೇಕಾಯ್ತು?

ಕಾಳಿ_ದಂಡೆ (ಕಾರವಾರ):
ಬೀಚಿನಲ್ಲಿ ಚಪಲ್ ಯುದ್ಧನೌಕೆ ನೋಡಿಕೊಂಡೇ ಇರುವವರು ನಾವು, ನೌಕೆ ಬಗ್ಗೆ ಕೇಳಿದರೆ ಏನಾದರೂ ಹೇಳಬಹುದು. ತೋಪಿನ ವಿಷಯ ತಲೆಗೆ ಹತ್ತುತ್ತಿಲ್ಲ. ಫ್ರಾನ್ಸಿನ ಸೀಸರ್ ನೋಡಿದರೆ ಸುಮ್ನೆ ಲಾರಿ ಹಿಂದೆ ಫಿರಂಗಿ ಕೂರಿಸಿದ ಹಾಗಿದೆ. ಜರ್ಮನಿಯ ಪಾಂಜರ್‌ಹೌಬಿಟ್ಸ 2000 ಟ್ಯಾಂಕ್ ತರ ಗಟ್ಟಿ, ಅದೇ ಒಳ್ಳೆಯದಲ್ವಾ? ಮತ್ತೆ 2023ರ ಜನವರಿಯಲ್ಲಿ ಡೆನ್ಮಾರ್ಕ್ ತಾನು ಕೊಂಡ 19 ಸೀಸರ್‌ಗಳನ್ನೂ ಕೊಟ್ಟುಬಿಡುತ್ತೇನೆ ಅಂದಾಗ ಅಷ್ಟು ಸುದ್ದಿ ಯಾಕಾಯ್ತು?

ಅರಬೈಲ್_ಇಳಿಜಾರು:
ತೋಟದ ಕೆಲಸಕ್ಕೆ ಹಿಟಾಚಿ ಕರೆಸಿದ್ದೀರಾ? ಟ್ರೇಲರ್ ಮೇಲೆ ಹೇರಿಕೊಂಡೇ ಬರಬೇಕು. ಜೆಸಿಬಿ ಆದರೆ ತಾನೇ ರೋಡಲ್ಲಿ ಓಡಿ ಬರುತ್ತದೆ. ಇಲ್ಲೂ ಅಷ್ಟೇ. ಜರ್ಮನಿಯದು 55 ಟನ್‌ಗಿಂತ ಜಾಸ್ತಿ, ಚೈನ್ ಗಾಡಿ. ಸೀಸರ್‌ನ ಆರು ಗಾಲಿಯದ್ದು ಸುಮಾರು 18 ಟನ್. ಸಾವಿರ ಕಿಲೋಮೀಟರ್ ಉದ್ದದ ಯುದ್ಧರಂಗದಲ್ಲಿ ಅತ್ತಿತ್ತ ಓಡಾಡಬೇಕಲ್ಲ.
ಇನ್ನೊಂದು, ಶೆಲ್ ಹಾರಿಸಿದ ಕೂಡಲೇ ಎದುರಿನವರ ರೇಡಾರ್ ಅದರ ದಾರಿ ಹಿಡಿದು ಎಲ್ಲಿಂದ ಬಂತು ಅಂತ ಲೆಕ್ಕ ಹಾಕುತ್ತದೆ, ಕೆಲವೇ ನಿಮಿಷದಲ್ಲಿ ಅದೇ ಜಾಗಕ್ಕೆ ಉತ್ತರ ಬೀಳುತ್ತದೆ. ಸೀಸರ್ ನಿಂತು, ಹಿಂದಿನ ಸಲಿಕೆಯಂಥ ಕಾಲನ್ನು ನೆಲಕ್ಕೆ ಊರಿ, ಐದಾರು ಶೆಲ್ ಹೊಡೆದು, ಕಾಲು ಎತ್ತಿಕೊಂಡು ಓಡುವುದು ಎರಡು ಮೂರು ನಿಮಿಷದ ಕೆಲಸ. ಸ್ವೀಡನ್ನಿನ ಲಾರಿ ತೋಪು ಆರ್ಚರ್‌ನಲ್ಲಂತೂ ಸಿಬ್ಬಂದಿ ಕ್ಯಾಬಿನ್‌ನಿಂದ ಇಳಿಯುವುದೇ ಇಲ್ಲ.

ಶಿರಸಿ_ಮಾಣಿ:
ಓಡುವುದೆಲ್ಲ ಸರಿ ಮಾರಾಯ, ಅಲ್ಲಿಯ ಕೆಸರಲ್ಲಿ? ಮಳೆಗಾಲದಲ್ಲಿ ನಮ್ಮ ತೋಟದ ಮಣ್ಣುರಸ್ತೆಗೆ ಲಾರಿ ಇಳಿಸಿ ನೋಡು. ಉಕ್ರೇನಿನ ಕಪ್ಪು ಮಣ್ಣು ಹಿಮ ಕರಗುವಾಗ ಅದಕ್ಕಿಂತ ಕಷ್ಟ, ಅಲ್ಲಿ ಚೈನೇ ಬೇಕು.
ನನಗೆ ಕಂಡ ದೊಡ್ಡ ತಲೆನೋವು ಬೇರೆ. ಸೀಸರ್, ಆರ್ಚರ್, ಪೋಲೆಂಡಿನ ಕ್ರಾಬ್, ಸ್ಲೊವಾಕಿಯಾದ ಜುಜಾನಾ, ಬ್ರಿಟನ್ನಿನ ಎಎಸ್-90, ಹೀಗೆ ಒಬ್ಬೊಬ್ಬರು ಕೊಟ್ಟ ತೋಪು ಒಂದೊಂದು ತರ. ಶೆಲ್ ಎಲ್ಲಕ್ಕೂ 155 ಮಿಲಿಮೀಟರ್ ದಪ್ಪದ್ದೇ, ಆದರೆ ಬಿಡಿಭಾಗ ಒಂದಕ್ಕೆ ಇದ್ದದ್ದು ಇನ್ನೊಂದಕ್ಕಿಲ್ಲ. 2022ರಲ್ಲಿ ಜರ್ಮನಿಯ ತೋಪುಗಳು ಒಂದೇ ಸಮ ಹೊಡೆದು ಕೆಟ್ಟು, ರಿಪೇರಿಗೆ ಲಿಥುವೇನಿಯಾದವರೆಗೂ ಹೋದವು. ಕೊಡುವಾಗ ಫೋಟೋ ತೆಗೆಸಿಕೊಳ್ಳುತ್ತಾರೆ, ನಳಿಕೆ ಸವೆದಾಗ ಯಾರೂ ಬರುವುದಿಲ್ಲ! ಶೆಲ್ ಕಥೆಯೂ ಹಾಗೇ: 2024ರ ಮಾರ್ಚ್ ಒಳಗೆ ಹತ್ತು ಲಕ್ಷ ಅಂತ ಯುರೋಪಿಯನ್ ಒಕ್ಕೂಟ ಮಾತು ಕೊಟ್ಟಿತ್ತು, ಗಡುವಿಗೆ ತಲುಪಿದ್ದು ಅರ್ಧದಷ್ಟು.

ಕಾಳಿ_ದಂಡೆ:
ಡ್ರೋನ್ ಮೇಲಿಂದ ನೋಡುತ್ತಿದ್ದರೆ ಓಡಿ ಏನು ಪ್ರಯೋಜನ?

ಅರಬೈಲ್_ಇಳಿಜಾರು:
ಒಳ್ಳೆ ಪ್ರಶ್ನೆ. ಗುರಿಗೆ ತಾನೇ ಬಡಿದು ಸಿಡಿಯುವ ರಷ್ಯಾದ ಲ್ಯಾನ್ಸೆಟ್ ಡ್ರೋನ್ ಬಂದ ಮೇಲೆ ಓಡುವುದಕ್ಕಿಂತ ಅಡಗುವುದೇ ಮುಖ್ಯವಾಯ್ತು. ಈಗ ಮರದ ಸಾಲಿನೊಳಗೆ, ಬಲೆ ಹೊದಿಸಿ ನಿಲ್ಲಿಸುತ್ತಾರೆ. ಸೀಸರ್‌ಗೆ ಕವಚ ಕಡಿಮೆ, ಆದರೆ 40 ಕಿಲೋಮೀಟರ್ ದೂರ ಹೊಡೆಯುವುದರಿಂದ ಸ್ವಲ್ಪ ಹಿಂದೆಯೇ ನಿಲ್ಲಬಹುದು.
ಕರಾವಳಿಯವರಿಗೆ ಇದು ಇಷ್ಟವಾದೀತು: 2022ರ ಜೂನ್ ಕೊನೆಗೆ ಕಪ್ಪು ಸಮುದ್ರದ ಸ್ನೇಕ್ ದ್ವೀಪದಿಂದ ರಷ್ಯಾ ಕಾಲ್ತೆಗೆಯಿತಲ್ಲ, ಅದರಲ್ಲಿ ಉಕ್ರೇನಿನದೇ ಲಾರಿ ತೋಪು ಬೊಹ್ದಾನಾದ ಪಾಲೂ ಇತ್ತು. ಆಗ ಅದು ಇದ್ದದ್ದೇ ಒಂದು, ಪರೀಕ್ಷೆಗೆ ಅಂತ ಮಾಡಿದ್ದು.

ಶಿರಸಿ_ಮಾಣಿ:
ಹೌದು, 2024ರಲ್ಲಿ ಡೆನ್ಮಾರ್ಕ್ ದುಡ್ಡು ಕೊಟ್ಟು ಉಕ್ರೇನಿನಲ್ಲೇ 18 ಬೊಹ್ದಾನಾ ಮಾಡಿಸಿತು. ನನ್ನ ಕೇಳಿದರೆ ಇದೇ ಸರಿಯಾದ ಸಹಾಯ, ರಿಪೇರಿಯವನು ಪಕ್ಕದಲ್ಲೇ ಇರುತ್ತಾನೆ.