ಗಂಡನಿಗೆ ತರಬೇತಿ ಕೇಂದ್ರಕ್ಕೆ ವರ್ಗವಾಗಿದೆ, ಸಂಸಾರ ಸಮೇತ ಹೋಗಬೇಕೇ? ಸುಬೇದಾರರ ಉತ್ತರಗಳು

ಈ ವಾರ ಬಳಗದ ಪ್ರಶ್ನೆಗಳಿಗೆ ಉತ್ತರಿಸುವವರು ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾದ ಸುಬೇದಾರರು. ತರಬೇತಿ ಕೇಂದ್ರದಲ್ಲಿ ಮುಖ್ಯ ಗುಮಾಸ್ತರಾಗಿದ್ದವರು, ಈಗ ಶಿವಮೊಗ್ಗದ ನಿವಾಸಿ.

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ, ಹವಾಲ್ದಾರರ ಪತ್ನಿ):

ಸರ್, ನಮಸ್ಕಾರ. ನಮ್ಮ ಮನೆಯವರು ಸಿಗ್ನಲ್ಸ್‌ನಲ್ಲಿ ಹವಾಲ್ದಾರ್. ಇಷ್ಟು ದಿನ ಗಡಿಭಾಗದಲ್ಲಿದ್ದರು. ಮಾರ್ಚ್‌ನಲ್ಲಿ ಜಬಲ್‌ಪುರದ ತರಬೇತಿ ಕೇಂದ್ರಕ್ಕೆ ಬೋಧಕರಾಗಿ ಹೋಗಬೇಕು ಎಂದು ಆದೇಶ ಬಂದಿದೆ. ಈ ಸಲ ಎಲ್ಲರೂ ಒಟ್ಟಿಗೆ ಹೋಗೋಣ ಎನ್ನುತ್ತಿದ್ದಾರೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ, ಕನ್ನಡ ಮಾಧ್ಯಮ. ಮಗನಿಗೆ ಮೂರು ವರ್ಷ. ಮನೆಯಲ್ಲಿ ಅತ್ತೆ, ಮಾವ, ಎರಡು ಎಕರೆ ಅಡಿಕೆ ತೋಟ, ದನಕರು. ನನಗೆ ಹಿಂದಿ ಬರುವುದಿಲ್ಲ. ಅತ್ತೆ ಹೋಗಿ ಬಾ ಎನ್ನುತ್ತಾರೆ, ಮಾವ ಏನೂ ಹೇಳುವುದಿಲ್ಲ. ಹೋಗುವುದು ಸರಿಯೇ? ಹೋಗುವುದಾದರೆ ಮೊದಲು ಏನು ಮಾಡಿಕೊಳ್ಳಬೇಕು?

ಉತ್ತರ:

ಹೋಗಿ ತಂಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸೈನಿಕನ ಬದುಕಿನಲ್ಲಿ ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳಲು ಸಿಗುವುದು ಪೀಸ್ ಸ್ಟೇಷನ್, ಅಂದರೆ ಗಡಿಯಿಂದ ದೂರದ ಶಾಂತ ನೆಲೆ, ಮಾತ್ರ, ತರಬೇತಿ ಕೇಂದ್ರಗಳೆಲ್ಲ ಅದೇ ಲೆಕ್ಕದವು. ಎರಡು ಮೂರು ವರ್ಷ ಕಳೆದರೆ ಮತ್ತೆ ಫೀಲ್ಡ್, ಅಂದರೆ ಸಂಸಾರ ಒಯ್ಯಲಾಗದ ಗಡಿಭಾಗದ ಕೆಲಸ. ನಿಮ್ಮ ಮಗನಿಗೆ ಆಗ ಐದಾರು ವರ್ಷ ತುಂಬಿರುತ್ತದೆ. ತೋಟದ ನೆಪದಲ್ಲಿ ಈ ಅವಕಾಶ ಬಿಟ್ಟ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಅಪ್ಪ ರಜೆಯಲ್ಲಿ ಬಂದಾಗ ಮಕ್ಕಳು ಬಾಗಿಲ ಹಿಂದೆ ನಿಂತು ನೋಡುತ್ತವೆ. ಆ ಸಂಕಟ ಯಾರಿಗೂ ಬೇಡ.

ಆದರೆ ಅವರ ಜೊತೆಯಲ್ಲೇ ಟ್ರಂಕು ಹೊತ್ತು ಹೊರಡಬೇಡಿ. ಅವರು ಮುಂದೆ ಹೋಗಲಿ, ನೀವು ಹಿಂದಿನಿಂದ ಹೋಗಿ. ವರ್ಗವಾದ ಆರು ತಿಂಗಳೊಳಗೆ ಕುಟುಂಬ ಹೋಗಿ ಸೇರಿಕೊಂಡರೂ ಪ್ರಯಾಣ ಭತ್ಯೆಗೆ ತೊಂದರೆ ಇಲ್ಲ. ಸಾಮಾನು ಸಾಗಿಸಿದ ಲಾರಿಯ ಬಿಲ್ ಜೋಪಾನವಾಗಿಡಿ. ಇದಲ್ಲದೆ ವರ್ಗಾವಣೆ ಅನುದಾನವೆಂದು ಮೂಲ ವೇತನದ ಶೇ. 80ರಷ್ಟು ಹಣ ಬರುತ್ತದೆ. ಹೊಸ ಊರಿನಲ್ಲಿ ಮೊದಲ ತಿಂಗಳ ಖರ್ಚು ನಿಭಾಯಿಸುವುದು ಅದರಿಂದಲೇ, ಇಲ್ಲೇ ಖಾಲಿ ಮಾಡಬೇಡಿ.

ಹಿಂದಿನಿಂದ ಹೋಗಿ ಎನ್ನುವುದಕ್ಕೆ ಕಾರಣ ಮನೆ. ಅವರು ಕೇಂದ್ರಕ್ಕೆ ಹಾಜರಾದ ಮೇಲೆ ಕ್ವಾರ್ಟರ್ಸ್‌ಗೆ ಅರ್ಜಿ ಹಾಕಬೇಕು, ಹೆಸರು ಸರದಿಪಟ್ಟಿಗೆ ಸೇರಬೇಕು, ಮನೆ ಖಾಲಿಯಾದಂತೆ ಹಂಚಿಕೆಯಾಗುತ್ತದೆ. ಹೋದ ದಿನವೇ ಬೀಗದ ಕೈ ಸಿಗುವುದು ಅಪರೂಪ. ಕಾಯುವಷ್ಟು ದಿನ ಹೊರಗೆ ಬಾಡಿಗೆ ಮನೆ ಮಾಡಬಹುದು. ಜಬಲ್‌ಪುರ ‘ವೈ’ ದರ್ಜೆಯ ನಗರ, ಅಲ್ಲಿ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ. 20. ಆದರೆ ಭಾಷೆ ಬಾರದ ಹೊಸ ಊರಿನಲ್ಲಿ, ಗಂಡ ಕತ್ತಲಿರುವಾಗಲೇ ಎದ್ದು ಹೋಗುವ ಮನೆಯಲ್ಲಿ, ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಹೊರಗೆ ಇರುವುದಕ್ಕಿಂತ ಒಂದೆರಡು ತಿಂಗಳು ಊರಿನಲ್ಲೇ ಕಾಯುವುದು ಮೇಲು ಎಂದು ನನ್ನ ಅಭಿಪ್ರಾಯ.

ಈಗಲೇ ನೋಡಬೇಕಾದದ್ದು ಪಾರ್ಟ್ ಟೂ ಆರ್ಡರ್. ಮದುವೆಯಾದದ್ದು, ಮಕ್ಕಳು ಹುಟ್ಟಿದ್ದು ಸೇನೆಯ ದಾಖಲೆಗೆ ಏರುವುದು ಅದರಿಂದ. ಅದರಲ್ಲಿ ಹೆಸರಿಲ್ಲದಿದ್ದರೆ ಕ್ವಾರ್ಟರ್ಸ್ ಇಲ್ಲ, ಆಸ್ಪತ್ರೆಯ ಅವಲಂಬಿತರ ಕಾರ್ಡ್ ಇಲ್ಲ, ಮಕ್ಕಳ ಶಿಕ್ಷಣ ಭತ್ಯೆಯೂ ಇಲ್ಲ. ಮಗನ ಹೆಸರು ಸೇರಿದೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳಿ. ಜನನ ಪ್ರಮಾಣಪತ್ರ, ಆಧಾರ್, ಪಾರ್ಟ್ ಟೂ ಈ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಆಗಿರಬೇಕು. ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಮೂರು ಕಡೆ ಮೂರು ಥರ ಬರೆದಿರುತ್ತಾರೆ. ಊರಿನಲ್ಲಿರುವಾಗಲೇ ಸರಿಪಡಿಸಿಕೊಂಡರೆ ಒಂದು ಮಧ್ಯಾಹ್ನದ ಕೆಲಸ, ಅಲ್ಲಿಗೆ ಹೋದ ಮೇಲೆ ತಿಂಗಳುಗಟ್ಟಲೆ ಅಲೆದಾಟ.

ಪ್ರಶ್ನೆ (ಅದೇ ತಂಗಿಯಿಂದ):

ಪಾರ್ಟ್ ಟೂನಲ್ಲಿ ಮಗನ ಹೆಸರು ಇದೆಯಂತೆ ಸರ್, ಕೇಳಿದೆ. ಮಗಳ ಶಾಲೆಯದೇ ನನಗೆ ದೊಡ್ಡ ಚಿಂತೆ. ಇಲ್ಲಿ ಪರೀಕ್ಷೆ ಮುಗಿದು ಮೇ ಕೊನೆಗೆ ಶಾಲೆ ಶುರು. ಅಲ್ಲಿ ಹೇಗೆ? ಅವಳ ಕನ್ನಡದ ಗತಿ ಏನು?

ಉತ್ತರ:

ಚಿಂತೆ ಮಾಡಬೇಕಾದ ವಿಷಯವೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅಲ್ಲಿ ಮುಖ್ಯವಾಗಿ ಎರಡು ದಾರಿ: ಕೇಂದ್ರೀಯ ವಿದ್ಯಾಲಯ ಅಥವಾ ಸೇನೆಯ ಶಿಕ್ಷಣ ಸಂಸ್ಥೆ ನಡೆಸುವ ಆರ್ಮಿ ಪಬ್ಲಿಕ್ ಶಾಲೆ. ಎರಡರಲ್ಲೂ ಏಪ್ರಿಲ್‌ನಲ್ಲೇ ಹೊಸ ವರ್ಷದ ಪಾಠ ಶುರುವಾಗುತ್ತದೆ. ಕೇಂದ್ರೀಯ ವಿದ್ಯಾಲಯದಲ್ಲಿ ವರ್ಗವಾಗುವ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಮೊದಲ ಆದ್ಯತೆ, ಸೈನಿಕರು ಅದರಲ್ಲೇ ಬರುತ್ತಾರೆ. ಹಿಂದಿನ ಏಳು ವರ್ಷಗಳಲ್ಲಿ ಎಷ್ಟು ಸಲ ವರ್ಗವಾಗಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ವರ್ಗಾವಣೆಯ ವಿವರವಿರುವ ಸೇವಾ ಪ್ರಮಾಣಪತ್ರವನ್ನು ಯುನಿಟ್‌ನಿಂದ ಮಾಡಿಸಿಕೊಳ್ಳಲಿ. ಐದನೇ ತರಗತಿಗೆ ಪ್ರವೇಶ ಪರೀಕ್ಷೆ ಇಲ್ಲ, ಸೀಟು ಖಾಲಿ ಇದ್ದರೆ ಆದ್ಯತೆಯಂತೆ ಕೊಡುತ್ತಾರೆ. ಒಮ್ಮೆ ಒಳಗೆ ಸೇರಿದರೆ ಮುಂದಿನ ವರ್ಗಾವಣೆಗೆ ಕಷ್ಟವಿಲ್ಲ. ಒಂದು ಕೇಂದ್ರೀಯ ವಿದ್ಯಾಲಯದ ವರ್ಗಾವಣೆ ಪತ್ರ ಇನ್ನೊಂದರಲ್ಲಿ ನಡೆಯುತ್ತದೆ, ಶಿವಮೊಗ್ಗದಲ್ಲೂ ಒಂದಿದೆ. ಹಾಗಾಗಿ ನನ್ನ ಒಲವು ಆ ಕಡೆಗೇ.

ನಿಮ್ಮ ಯಜಮಾನರು ಅಲ್ಲಿಗೆ ಹೋದ ವಾರದಲ್ಲೇ ಶಾಲೆಗೆ ಹೋಗಿ ಐದನೇ ತರಗತಿಯಲ್ಲಿ ಜಾಗವಿದೆಯೇ ಎಂದು ವಿಚಾರಿಸಲಿ. ನೀವು ಇಲ್ಲಿ ಮುಖ್ಯೋಪಾಧ್ಯಾಯರಿಗೆ ಈಗಲೇ ತಿಳಿಸಿ, ವರ್ಗಾವಣೆ ಪತ್ರ ಸಿದ್ಧಮಾಡಿಸಿ, ಹೊರರಾಜ್ಯಕ್ಕೆ ಹೋಗುವುದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಮೇಲುರುಜು ಹಾಕಿಸಿಕೊಳ್ಳಿ. ಈ ರುಜು ಇಲ್ಲದೆ ಹೋಗಿ ಮತ್ತೆ ತೀರ್ಥಹಳ್ಳಿಗೆ ಅಂಚೆಯಲ್ಲಿ ಕಾಗದ ಕಳಿಸಿ ಕಾಯುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಇನ್ನು ಭಾಷೆ. ಅಲ್ಲಿ ಇಂಗ್ಲಿಷ್, ಹಿಂದಿ, ಜೊತೆಗೆ ಸಂಸ್ಕೃತ. ಕನ್ನಡ ಇರುವುದಿಲ್ಲ. ಮಗು ಮೊದಲ ಮೂರು ನಾಲ್ಕು ತಿಂಗಳು ತರಗತಿಯಲ್ಲಿ ಮೂಕಿಯಂತೆ ಕೂರುತ್ತದೆ, ಮನೆಗೆ ಬಂದು ಅಳುತ್ತದೆ. ಗಾಬರಿಯಾಗಬೇಡಿ, ಬೈಯಬೇಡಿ. ಕ್ವಾರ್ಟರ್ಸ್‌ನ ಅಂಗಳದಲ್ಲಿ ಆಡುತ್ತ ಮಕ್ಕಳು ಹಿಂದಿ ಕಲಿಯುವ ವೇಗ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಹೋಗುವ ಮುಂಚೆ ಇಲ್ಲಿ ಅವಳಿಗೆ ದೇವನಾಗರಿ ಅಕ್ಷರ, ಇಂಗ್ಲಿಷಿನಲ್ಲಿ ಕೂಡು ಕಳೆಯ ಹೆಸರುಗಳು ಇಷ್ಟನ್ನು ಕಲಿಸಿ. ಗಣಿತ ಚೆನ್ನಾಗಿ ಬರುವ ಮಗುವೂ ಲೆಕ್ಕದ ಪ್ರಶ್ನೆ ಅರ್ಥವಾಗದೆ ಸೊನ್ನೆ ತೆಗೆದುಕೊಳ್ಳುವುದು ಇದರಿಂದಲೇ.

ಕನ್ನಡವನ್ನು ಉಳಿಸುವವರು ನೀವು, ಅದನ್ನು ಶಾಲೆ ಮಾಡುವುದಿಲ್ಲ. ಐದರಿಂದ ಮುಂದಿನ ಕನ್ನಡ ಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಳಿಸಿಕೊಳ್ಳಬಹುದು. ದಿನಕ್ಕೆ ಒಂದು ಪುಟ ಓದಿಸಿ, ವಾರಕ್ಕೊಂದು ಕಾಗದ ಅಜ್ಜ ಅಜ್ಜಿಗೆ ಬರೆಸಿ. ಫೋನಿನಲ್ಲಿ ಮಾತಾಡಿದರೆ ಸಾಲದು, ಕೈಯಲ್ಲಿ ಬರೆಯಬೇಕು. ಬರೆಯದ ಭಾಷೆ ಎರಡು ವರ್ಷದಲ್ಲಿ ಬೆರಳಿನಿಂದ ಜಾರುತ್ತದೆ.

ಯಾರೂ ಮೊದಲೇ ಹೇಳದ ಒಂದು ಮಾತನ್ನು ಹೇಳುತ್ತೇನೆ, ಇದನ್ನು ತಿಳಿದೇ ಹೊರಡಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ (ವೃತ್ತಿ ಶಿಕ್ಷಣದ ಸೀಟುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ) ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ನಡುವೆ ಹೊರಗೆ ಹೋದರೆ ಅವೆರಡೂ ಕೈತಪ್ಪುತ್ತವೆ. ಆದರೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಎಂಬ ಸಾಮಾನ್ಯ ನಿಯಮದ ಬಗ್ಗೆ ಹೆದರಬೇಕಿಲ್ಲ. ಸೇನೆಗೆ ಸೇರುವಾಗ ಸ್ವಂತ ಊರು ಕರ್ನಾಟಕದಲ್ಲಿದೆ ಎಂದು ಘೋಷಿಸಿದವರ ಮಕ್ಕಳಿಗೆ ಬೇರೆ ಷರತ್ತಿನಡಿ ಸಿಇಟಿ ಅರ್ಹತೆ ಇದೆ. ನಿಮ್ಮ ಯಜಮಾನರ ದಾಖಲೆಯಲ್ಲಿ ತೀರ್ಥಹಳ್ಳಿಯ ವಿಳಾಸ ಸರಿಯಾಗಿದೆಯೇ ಎಂದು ನೋಡಿಕೊಳ್ಳಲಿ. ಆ ಮೀಸಲಾತಿಗಾಗಿ ಮಗಳನ್ನು ಇಲ್ಲೇ ಬಿಡಬೇಕೇ ಎಂದು ಕೇಳಿದರೆ, ಒಂಬತ್ತು ವರ್ಷದ ಮಗುವಿಗೆ ಸೀಟಿಗಿಂತ ಮೊದಲು ಅಪ್ಪ ಬೇಕು ಎನ್ನುತ್ತೇನೆ. ಎಂಟನೇ ತರಗತಿಯ ಮಗುವಾಗಿದ್ದರೆ ಎರಡು ಸಲ ಯೋಚಿಸಿ ಎನ್ನುತ್ತಿದ್ದೆ.

ಪ್ರಶ್ನೆ (ಸಾಗರದಿಂದ):

ಸುಬೇದಾರರೇ, ನನ್ನ ತಂಗಿಯೂ ಹೀಗೆ ತರಬೇತಿ ಕೇಂದ್ರವೊಂದರಲ್ಲಿದ್ದಾಳೆ. ಗಂಡ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ ಎಂದು ಬೇಸರಪಡುತ್ತಾಳೆ. ಅಷ್ಟೊಂದು ಕೆಲಸವಿರುತ್ತದೆಯೇ?

ಉತ್ತರ:

ಇರುತ್ತದೆ. ಬೇರೆ ಪೀಸ್ ಸ್ಟೇಷನ್‌ಗೂ ತರಬೇತಿ ಕೇಂದ್ರಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಹೊಸ ಹುಡುಗರು ಬೋಧಕನನ್ನು ಉಸ್ತಾದ್ ಎಂದು ಕರೆಯುತ್ತಾರೆ. ಬ್ಯೂಗಲ್ ಊದುವ ಹೊತ್ತಿಗೆ ಉಸ್ತಾದ್ ಮೈದಾನದಲ್ಲಿರಬೇಕು. ಪಿ.ಟಿ., ಕವಾಯತು, ತರಗತಿ, ಸಂಜೆ ಆಟ, ಆಮೇಲೆ ಹಾಜರಿ. ಒಬ್ಬ ಹುಡುಗನಿಗೆ ಜ್ವರ ಬಂದರೂ, ಊರು ನೆನಪಾಗಿ ಒಬ್ಬ ಊಟ ಬಿಟ್ಟರೂ ಉಸ್ತಾದ್ ಹೋಗಬೇಕು. ಫೈರಿಂಗ್ ಕ್ಯಾಂಪ್ ಬಂದರೆ ಕೆಲವು ದಿನ ಮನೆಗೇ ಬರುವುದಿಲ್ಲ. ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಸೈನಿಕರನ್ನಾಗಿ ಮಾಡುವ ಹೊಣೆ ಅದು, ಅರ್ಧ ಮನಸ್ಸಿನಿಂದ ಆಗುವುದಲ್ಲ.

ಹಾಗಂತ ತಂಗಿಯ ಬೇಸರ ಸುಳ್ಳಲ್ಲ. ತರಬೇತಿಯ ವೇಳಾಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಯಾವ ವಾರ ಕ್ಯಾಂಪ್, ಯಾವಾಗ ಪಾಸಿಂಗ್ ಔಟ್ ಪರೇಡ್ (ತರಬೇತಿ ಮುಗಿಸಿದವರ ಕವಾಯತು), ಒಂದು ತಂಡ ಹೋಗಿ ಇನ್ನೊಂದು ಬರುವ ನಡುವೆ ಎಷ್ಟು ಬಿಡುವು, ಇದೆಲ್ಲ ಭಾವನವರಿಗೆ ಗೊತ್ತಿರುತ್ತದೆ. ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲು ಹೇಳಿ. ಊರಿಗೆ ಬರುವ ರಜೆಯನ್ನೂ ಆ ಬಿಡುವಿಗೇ ಹೊಂದಿಸಿಕೊಳ್ಳಬೇಕು, ನಡುವೆ ಕೇಳಿದರೆ ಸಿಗುವುದು ಕಷ್ಟ. ನೆರೆಮನೆಯ ಹೆಂಗಸರ ಜೊತೆ ಬಳಕೆ ಬೆಳೆಸಿಕೊಳ್ಳಲಿ. ಅವರಲ್ಲಿ ಬಹಳಷ್ಟು ಜನ ತಮ್ಮ ತಮ್ಮ ಊರು ಭಾಷೆ ಬಿಟ್ಟು ಬಂದವರೇ.

ಪ್ರಶ್ನೆ (ತೀರ್ಥಹಳ್ಳಿಯ ತಂಗಿಯಿಂದ ಮತ್ತೆ):

ಮನೆ ಸಿಕ್ಕಿದಾಗ ನೋಡಿಕೊಳ್ಳಬೇಕಾದದ್ದು ಏನಾದರೂ ಇದೆಯೇ? ಸಾಮಾನು ಎಷ್ಟು ಒಯ್ಯಲಿ?

ಉತ್ತರ:

ಇದೆ. ಮನೆ ಒಪ್ಪಿಸುವುದಕ್ಕೆ ಮಾರ್ಚಿಂಗ್ ಇನ್ ಎನ್ನುತ್ತಾರೆ. ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಎಂಇಎಸ್‌ನವರು ಒಂದು ಪಟ್ಟಿ ಹಿಡಿದು ಬರುತ್ತಾರೆ: ಫ್ಯಾನ್ ಎಷ್ಟು, ನಲ್ಲಿ ಎಷ್ಟು, ಗೀಸರ್, ಕಿಟಕಿಯ ಗಾಜು, ಬಾಗಿಲ ಚಿಲಕ, ಮಂಚ ಕುರ್ಚಿ ಕೊಟ್ಟಿದ್ದರೆ ಅದೂ. ಬಿಸಿಲಲ್ಲಿ ಬಂದ ಆಯಾಸಕ್ಕೆ ನೋಡದೆ ಸಹಿ ಹಾಕುವವರೇ ಹೆಚ್ಚು. ಹಾಗೆ ಮಾಡಬೇಡಿ. ಪ್ರತಿ ನಲ್ಲಿ ತಿರುಗಿಸಿ ನೋಡಿ, ಪ್ರತಿ ಸ್ವಿಚ್ ಒತ್ತಿ, ಸಿಂಕಿನ ಅಡಿಗೆ ಕೈ ಹಾಕಿ ಒದ್ದೆಯಿದೆಯೇ ನೋಡಿ. ಕೈತೊಳೆಯುವ ಬೇಸಿನ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪಟ್ಟಿಯಲ್ಲಿ ಬರೆಸಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ. ಮನೆ ಬಿಡುವ ದಿನ ಇದೇ ಪಟ್ಟಿ ಮತ್ತೆ ಬರುತ್ತದೆ, ಅಂದು ಇಲ್ಲದ್ದು, ಒಡೆದದ್ದು ಎಲ್ಲ ನಿಮ್ಮ ಲೆಕ್ಕಕ್ಕೆ. ಮನೆಯೊಳಗಿನ ಈ ಚಿತ್ರಗಳನ್ನು ಬಿಟ್ಟರೆ ಕೇಂದ್ರದ ಗೇಟು, ಮೈದಾನ, ಸಮವಸ್ತ್ರದಲ್ಲಿರುವವರ ಚಿತ್ರ ತೆಗೆದು ಎಲ್ಲೂ ಹಾಕಬೇಡಿ. ಫೈರಿಂಗ್ ರೇಂಜಿನ ಕಡೆ ಕೆಂಪು ಬಾವುಟ ಹಾರುತ್ತಿದ್ದರೆ ಆ ದಾರಿಗೇ ಮಕ್ಕಳನ್ನು ಬಿಡಬೇಡಿ.

ಸಾಮಾನು ಕಡಿಮೆ ಒಯ್ಯಿರಿ. ಕಪಾಟು, ಮಂಚ ಇಲ್ಲೇ ಇರಲಿ. ಕೊಬ್ಬರಿ ಎಣ್ಣೆ, ಮಿಡಿ ಉಪ್ಪಿನಕಾಯಿ, ಹಪ್ಪಳ, ದೋಸೆ ಕಾವಲಿ, ಅಲ್ಲಿ ಕಷ್ಟಕ್ಕಾಗುವುದು ಇವೇ. ಬೇಸಿಗೆಯಲ್ಲಿ ಅಲ್ಲಿ 42 ಡಿಗ್ರಿ ದಾಟುತ್ತದೆ, ಒಣ ಬಿಸಿಗಾಳಿ ಬೀಸುತ್ತದೆ. ನಮ್ಮ ಸೆಖೆಗೆ ಬೆವರು ಬರುತ್ತದೆ, ಅಲ್ಲಿ ಬೆವರೂ ಕಾಣುವುದಿಲ್ಲ, ನೀರು ಇಳಿದುಹೋದದ್ದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಸಾಧ್ಯವಾದರೆ ಮೇ ತಿಂಗಳಲ್ಲಿ ಹೋಗಿ ಇಳಿಯಬೇಡಿ. ಮೊದಲು ಕೊಳ್ಳಬೇಕಾದ ವಸ್ತು ಕೂಲರ್. ಚಳಿಗಾಲಕ್ಕೆ ಸ್ವೆಟರ್, ರಜಾಯಿ ಬೇಕೇ ಬೇಕು, ಅಲ್ಲೇ ಅಗ್ಗವಾಗಿ ಸಿಗುತ್ತವೆ. ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರ ರೈಲು ಜಬಲ್‌ಪುರದ ಮೇಲೆಯೇ ಹೋಗುತ್ತದೆ.

ಪ್ರಶ್ನೆ (ಹೊಸನಗರದಿಂದ):

ನನ್ನ ಮಗ ಅಗ್ನಿವೀರನಾಗಿ ತರಬೇತಿಗೆ ಹೋಗಿದ್ದಾನೆ. ನಾವು ಗಂಡ ಹೆಂಡತಿ ಹೋಗಿ ಅವನ ಹತ್ತಿರ ಮನೆ ಮಾಡಿಕೊಂಡು ಇರಬಹುದೇ?

ಉತ್ತರ:

ಬೇಡ ಅಣ್ಣ. ತರಬೇತಿಯ ಹುಡುಗ ಬ್ಯಾರಕ್ಕಿನಲ್ಲೇ ಇರಬೇಕು, ನೀವು ಊರ ಹೊರಗೆ ಮನೆ ಮಾಡಿದರೂ ಅವನು ಬಂದು ಹೋಗುವಂತಿಲ್ಲ. ಪಾಸಿಂಗ್ ಔಟ್ ಪರೇಡಿಗೆ ಇಬ್ಬರೂ ಹೋಗಿ, ಅವನಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.

ಪ್ರಶ್ನೆ (ತೀರ್ಥಹಳ್ಳಿಯ ತಂಗಿಯಿಂದ):

ಕೊನೆಯದು ಸರ್. ಅತ್ತೆ ಮಾವನ ಆರೋಗ್ಯ, ತೋಟ, ಇದಕ್ಕೆ ಏನು ಮಾಡಲಿ? ಮಾವ ಈಗಲೂ ಮಾತಾಡುತ್ತಿಲ್ಲ.

ಉತ್ತರ:

ಮಾವ ಮಾತಾಡದಿರುವುದು ಬೇಡವೆಂದಲ್ಲ. ಅಡಿಕೆ ಕೊನೆ ಕೊಯ್ಯಿಸುವವರು ಯಾರು, ಮಳೆಗೆ ಮುಂಚೆ ಕೊಳೆರೋಗಕ್ಕೆ ಮದ್ದು ಹೊಡೆಸುವವರು ಯಾರು ಎಂದು ಅವರ ತಲೆಯಲ್ಲಿ ಓಡುತ್ತಿರುತ್ತದೆ. ನಿಮ್ಮ ಯಜಮಾನರು ಈ ರಜೆಯಲ್ಲಿ ಬಂದಾಗ ಮೊದಲು ಅದನ್ನೇ ಕೂತು ಮಾತಾಡಲಿ. ಈ ಎರಡು ವರ್ಷದ ಮಟ್ಟಿಗೆ ಫಸಲನ್ನು ಚೇಣಿಗೆ, ಅಂದರೆ ಕರಾರಿನ ಮೇಲೆ ಗುತ್ತಿಗೆಗೆ, ಕೊಡುವುದು ಒಳ್ಳೆಯದು. ದುಡ್ಡು ಸ್ವಲ್ಪ ಕಡಿಮೆ ಬಂದರೂ ಕೊಯ್ಲು, ಸುಲಿತ, ಬೇಯಿಸುವ ಕೆಲಸ ವಯಸ್ಸಾದವರ ಮೇಲೆ ಬೀಳುವುದಿಲ್ಲ. ಆದರೆ ಮದ್ದಿನ ಹೊಣೆ ಯಾರದ್ದು ಎಂದು ಕರಾರಿನಲ್ಲಿ ಬರೆಸಿ. ಕೊಳೆ ಬಿದ್ದ ಮೇಲೆ ಜಗಳವಾಗುವುದು ಅಲ್ಲೇ.

ಆಸ್ಪತ್ರೆಯ ವಿಷಯದಲ್ಲಿ ಬಹಳ ಜನಕ್ಕೆ ಗೊಂದಲವಿದೆ. ಇಸಿಎಚ್‌ಎಸ್ ಮಾಜಿ ಸೈನಿಕರ ಯೋಜನೆ. ಸೇವೆಯಲ್ಲಿರುವವರ ತಂದೆ ತಾಯಿಗೆ ಸೇನಾ ಆಸ್ಪತ್ರೆ, ಅದೂ ಅವರು ಅವಲಂಬಿತರೆಂದು ಪಾರ್ಟ್ ಟೂನಲ್ಲಿ ಸೇರಿದ್ದರೆ ಮತ್ತು ಅವರ ಆದಾಯ ಮಿತಿಯೊಳಗಿದ್ದರೆ. ಶಿವಮೊಗ್ಗದಲ್ಲಿ ಸೇನಾ ಆಸ್ಪತ್ರೆ ಇಲ್ಲ, ಹತ್ತಿರವೆಂದರೆ ಬೆಳಗಾವಿ ಅಥವಾ ಬೆಂಗಳೂರು. ಅವಲಂಬಿತರ ಕಾರ್ಡ್ ಮಾಡಿಸಿ ಇಡಿ, ದೊಡ್ಡ ಚಿಕಿತ್ಸೆಗೆ ಬೇಕಾಗುತ್ತದೆ. ಸಣ್ಣ ಪುಟ್ಟದಕ್ಕೆ ನಿಮ್ಮ ಊರಿನ ವೈದ್ಯರೇ ಗತಿ, ಅವರ ನಂಬರ್ ನಿಮ್ಮ ಫೋನಿನಲ್ಲಿರಲಿ. ಚಳಿಗಾಲ ಶುರುವಾಗುವ ಮುಂಚೆ, ಅಕ್ಟೋಬರ್ ನವೆಂಬರಿನ ಹಿತವಾದ ಹವೆಯಲ್ಲಿ, ಒಮ್ಮೆ ಅವರಿಬ್ಬರನ್ನೂ ಅಲ್ಲಿಗೆ ಕರೆಸಿಕೊಳ್ಳಿ. ಬರುವ ದಿನಕ್ಕೆ ಮೊದಲೇ ಗೇಟಿನಲ್ಲಿ ಅವರ ಹೆಸರು, ಆಧಾರ್ ಸಂಖ್ಯೆ ಕೊಟ್ಟು ಪಾಸ್ ಮಾಡಿಸಿಡಲು ಯಜಮಾನರಿಗೆ ನೆನಪಿಸಿ.