ಎಪ್ಪತ್ತರ ಹೊಸ್ತಿಲಲ್ಲಿ, ಗುಂಪು ಪ್ರವಾಸವಿಲ್ಲದೆ ಜಪಾನಿಗೆ ಹೋಗಬಹುದೇ?

ತುಂಗಾತೀರ, ಶಿವಮೊಗ್ಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 69 ವರ್ಷ, ನನ್ನ ಪತ್ನಿಗೆ 65. ನಾನು ಅಂಚೆ ಇಲಾಖೆಯಿಂದ ನಿವೃತ್ತನಾದವನು. ಬರುವ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಟೋಕಿಯೋ, ಕ್ಯೋಟೋ ಮತ್ತು ನಾರಾ ನೋಡಿಬರಬೇಕೆಂಬ ಆಸೆಯಿದೆ. ಹಿಂದೊಮ್ಮೆ ಟ್ರಾವೆಲ್ಸ್‌ನವರ ಗುಂಪಿನೊಡನೆ ಯುರೋಪಿಗೆ ಹೋಗಿದ್ದೆವು. ಬೆಳಿಗ್ಗೆ ಆರಕ್ಕೆ ಪೆಟ್ಟಿಗೆಯನ್ನು ಕೋಣೆಯ ಹೊರಗಿಟ್ಟು, ಏಳಕ್ಕೆ ಬಸ್ಸು ಹತ್ತಿ, ನೋಡಬೇಕಾದ ಕಡೆ ಅರ್ಧ ಗಂಟೆ ನಿಂತು, ಅಂಗಡಿ ಸಾಲಿನಲ್ಲಿ ಎರಡು ಗಂಟೆ ಕಾಯುವ ಆ ಬಗೆಯ ಪ್ರವಾಸ ಇನ್ನು ಸಾಕು ಎನಿಸಿದೆ. ಈ ಸಲ ಟಿಕೆಟ್, ಹೋಟೆಲು, ರೈಲು ಎಲ್ಲವನ್ನೂ ನಾವೇ ಗೊತ್ತುಮಾಡಿಕೊಂಡು ಹೋಗುವ ಯೋಚನೆ.

ಮಕ್ಕಳಿಗೆ ಇದು ಒಪ್ಪಿಗೆಯಿಲ್ಲ. ಭಾಷೆ ಬಾರದ ದೇಶದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಯಾರು ನೋಡುತ್ತಾರೆ ಎಂಬುದು ಅವರ ಮಾತು. ನನಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯಿದ್ದು, ಮಾತ್ರೆಗಳಲ್ಲಿ ಹತೋಟಿಯಲ್ಲಿವೆ. ಪತ್ನಿಗೆ ಮಂಡಿನೋವು; ಸಮತಟ್ಟಾದ ನೆಲದಲ್ಲಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಇಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಸಾಮಾನು ಹೊರುವುದು, ಊಟ, ಔಷಧ, ವಿಮೆ ಇವುಗಳ ಬಗ್ಗೆ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಮಲ್ಲೇಶ್ವರದ ಅಜ್ಜಿ

ಖಂಡಿತ ಹೋಗಿಬನ್ನಿ ಸರ್. ಹಿರಿಯರು ತಾವಾಗಿಯೇ ಓಡಾಡುವುದಕ್ಕೆ ಜಪಾನಿನಷ್ಟು ಅನುಕೂಲವಾದ ದೇಶ ನಾನು ನೋಡಿದವುಗಳಲ್ಲಿ ಇನ್ನೊಂದಿಲ್ಲ. ಆದರೆ ಊರುಗಳನ್ನು ಕಡಿಮೆ ಮಾಡಿ, ಒಂದೊಂದು ಊರಿನಲ್ಲಿ ತಂಗುವ ರಾತ್ರಿಗಳನ್ನು ಹೆಚ್ಚು ಮಾಡಿಕೊಳ್ಳಿ. ಟೋಕಿಯೋದಲ್ಲಿ ಒಂದು ಹೋಟೆಲು, ಕ್ಯೋಟೋದಲ್ಲಿ ಒಂದು ಹೋಟೆಲು, ಅಷ್ಟೇ ಸಾಕು. ನಾರಾಕ್ಕೆ ಕ್ಯೋಟೋದಿಂದ ಮುಕ್ಕಾಲು ಗಂಟೆಯೊಳಗೆ ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ್ದರಿಂದ ಅಲ್ಲಿ ತಂಗುವ ಅಗತ್ಯವಿಲ್ಲ. ದಿನಕ್ಕೆ ಒಂದೇ ದೊಡ್ಡ ಸ್ಥಳ ಇಟ್ಟುಕೊಂಡು, ಮಧ್ಯಾಹ್ನ ಕೋಣೆಗೆ ಬಂದು ಮಲಗಿ, ಮನಸ್ಸಾದರೆ ಸಂಜೆ ಮತ್ತೆ ಹೊರಡಿ. ಗುಂಪಿನವರು ನಿಮಗೆ ಎಂದೂ ಕೊಡದ ಸೌಕರ್ಯ ಇದೇ.

ಸಾಮಾನಿನ ಚಿಂತೆಯನ್ನು ಅಲ್ಲಿನವರು ಎಂದೋ ಬಗೆಹರಿಸಿದ್ದಾರೆ. ಟಕ್ಯೂಬಿನ್ ಎಂಬ ಸೇವೆಯಿದೆ. ಯಮಾಟೊ ಕಂಪನಿಯ ಕಪ್ಪು ಬೆಕ್ಕಿನ ಗುರುತನ್ನು ಎಲ್ಲೆಡೆ ಕಾಣುವಿರಿ. ಟೋಕಿಯೋದ ಹೋಟೆಲಿನ ಸ್ವಾಗತ ಮೇಜಿನಲ್ಲಿ ಬೆಳಿಗ್ಗೆ ಪೆಟ್ಟಿಗೆ ಕೊಟ್ಟು ಕ್ಯೋಟೋದ ಹೋಟೆಲಿನ ಹೆಸರು ಮತ್ತು ಯಾರ ಹೆಸರಿನಲ್ಲಿ ಕೋಣೆ ಕಾದಿರಿಸಿದೆ ಎಂಬುದನ್ನು ತೋರಿಸಿದರೆ, ಅವರೇ ಚೀಟಿ ತುಂಬಿ ಪೆಟ್ಟಿಗೆಗೆ ಅಂಟಿಸಿ, ನಿಮ್ಮ ಪ್ರತಿಯನ್ನು ಹರಿದುಕೊಡುತ್ತಾರೆ. ಸಾಮಾನ್ಯವಾಗಿ ಮರುದಿನ ಪೆಟ್ಟಿಗೆ ಕ್ಯೋಟೋ ಸೇರಿರುತ್ತದೆ. ಗಾತ್ರ ಮತ್ತು ದೂರವನ್ನು ನೋಡಿ ಒಂದಕ್ಕೆ 2,000ದಿಂದ 3,000 ಯೆನ್ ಆಸುಪಾಸಿನಲ್ಲಿ ತಗಲುತ್ತದೆ. ಒಂದು ರಾತ್ರಿಗೆ ಬೇಕಾದ ಬಟ್ಟೆ ಮತ್ತು ಎಲ್ಲ ಔಷಧಗಳನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಿ. ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲಿನಲ್ಲಿ ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಯಿದ್ದರೆ ಅದನ್ನಿಡುವ ಜಾಗವಿರುವ ಆಸನವನ್ನೇ ಕಾದಿರಿಸಬೇಕೆಂಬ ನಿಯಮವೂ ಇದೆ. ಪೆಟ್ಟಿಗೆಯನ್ನು ಮೊದಲೇ ಕಳುಹಿಸಿದರೆ ಆ ತಾಪತ್ರಯವೂ ತಪ್ಪುತ್ತದೆ.

ಗೊತ್ತಾದ ಅವಧಿಯಲ್ಲಿ ಜಪಾನ್ ರೈಲ್ವೆಯ ರೈಲುಗಳಲ್ಲಿ ಓಡಾಡಲು ಬಿಡುವ ಜೆಆರ್ ಪಾಸ್ ಕೊಳ್ಳಿ ಎಂದು ಹಳೆಯ ಲೇಖನಗಳೆಲ್ಲ ಹೇಳುತ್ತವೆ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ದರ 29,650 ಯೆನ್‌ನಿಂದ ಒಮ್ಮೆಗೇ 50,000 ಯೆನ್‌ಗೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಒಂದು ಕಡೆಯ ಟಿಕೆಟ್ ಸುಮಾರು 14,000 ಯೆನ್ ಆದ್ದರಿಂದ ನಿಮ್ಮಂಥ ಪ್ರವಾಸಕ್ಕೆ ಪಾಸು ನಷ್ಟವೇ. ಟಿಕೆಟ್ ಕೊಳ್ಳುವಾಗ ಸಾಮಾನ್ಯ ಬೋಗಿಯಲ್ಲಿ ‘ಇ’ ಆಸನ ಕೇಳಿ. ಮೋಡವಿಲ್ಲದಿದ್ದರೆ ಫ್ಯೂಜಿ ಪರ್ವತ ಆ ಬದಿಯ ಕಿಟಕಿಯಲ್ಲೇ ಕಾಣಿಸುತ್ತದೆ.

ಔಷಧ ಅಂಗಡಿ, ಹುಬ್ಬಳ್ಳಿ

ಮೇಡಂ ಹೇಳಿದ್ದರಲ್ಲಿ ಕೈಚೀಲದಲ್ಲಿ ಔಷಧ ಎಂಬ ಮಾತನ್ನು ಅಡಿಗೆರೆ ಎಳೆದು ಓದಿಕೊಳ್ಳಿ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಸ್ವಂತ ಬಳಕೆಗೆ ಒಂದು ತಿಂಗಳಿಗೆ ಆಗುವಷ್ಟು ಒಯ್ಯಲು ಜಪಾನಿನಲ್ಲಿ ಸಾಮಾನ್ಯವಾಗಿ ಮುಂಗಡ ಅನುಮತಿ ಬೇಡ. ಅದಕ್ಕೂ ಹೆಚ್ಚಿದ್ದರೆ ಯುನ್ಯು ಕಾಕುನಿನ್‌ಶೋ ಎಂಬ ಆಮದು ದೃಢೀಕರಣ ಪತ್ರವನ್ನು ಹೊರಡುವ ಮುನ್ನವೇ ಪಡೆಯಬೇಕು. ನಿಮ್ಮ ಪ್ರವಾಸಕ್ಕೆ ಆ ಗೋಜಿಲ್ಲ. ಆದರೆ ನಮ್ಮಲ್ಲಿ ನೆಗಡಿಗೆಂದು ಸಲೀಸಾಗಿ ಸಿಗುವ ಕೆಲವು ಮಾತ್ರೆಗಳಲ್ಲಿರುವ ಸೂಡೊಎಫೆಡ್ರಿನ್ ಅಂಶ ಶೇ 10ನ್ನು ಮೀರಿದರೆ ಅಲ್ಲಿ ನಿಷಿದ್ಧ. ಕೊಡೀನ್ ಇರುವ ಕೆಮ್ಮಿನ ಸಿರಪ್ಪನ್ನೂ ಮನೆಯಲ್ಲೇ ಬಿಟ್ಟುಹೋಗುವುದು ಕ್ಷೇಮ. ನಿದ್ರೆಯ ಅಥವಾ ಆತಂಕದ ಮಾತ್ರೆಗಳಿದ್ದರೆ ಅವುಗಳಿಗೆ ಬೇರೆಯದೇ ಮಿತಿಗಳಿವೆ, ವಿಚಾರಿಸಿಕೊಳ್ಳಿ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ, ಅದರಲ್ಲಿ ಬ್ರ್ಯಾಂಡಿನ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ನಮ್ಮ ಬ್ರ್ಯಾಂಡುಗಳು ಅಲ್ಲಿನವರಿಗೆ ತಿಳಿಯವು. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ.

ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಬೆಳಗಿನ ಮಾತ್ರೆಯನ್ನು ಅಲ್ಲಿನ ಬೆಳಗಿಗೆ ಹೇಗೆ ಸರಿಸಬೇಕೆಂದು ವೈದ್ಯರನ್ನು ಕೇಳಿಯೇ ಹೊರಡಿ. ಇನ್ನೊಂದನ್ನು ಬಹಳ ಮಂದಿ ಎಣಿಸುವುದಿಲ್ಲ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ನಡೆಯುವವರು ಅಲ್ಲಿ ಇಡೀ ದಿನ ನಡೆಯುತ್ತಾರೆ, ಊಟವೂ ಹೊತ್ತಿಗೆ ಸಿಗುವುದಿಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಆಗ ಸಕ್ಕರೆ ಅಂಶ ದಿಢೀರನೆ ಇಳಿಯಬಹುದು. ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಇಬ್ಬರ ಚೀಲದಲ್ಲೂ ಇರಲಿ. ಬೆವರು, ನಡುಕ, ಗೊಂದಲ ಕಂಡರೆ ಏನು ಮಾಡಬೇಕೆಂಬುದು ನಿಮ್ಮ ಪತ್ನಿಗೂ ಗೊತ್ತಿರಲಿ.

ಕಾವಾಸಾಕಿಯ ಕನ್ನಡಿಗ

ನನ್ನ ತಂದೆತಾಯಿ ದಾವಣಗೆರೆಯಿಂದ ಟೋಕಿಯೋ ಪಕ್ಕದ ಈ ಊರಿಗೆ ಬಂದುಹೋಗುತ್ತಿರುತ್ತಾರೆ, ನಾನು ಕೆಲಸಕ್ಕೆ ಹೋದ ದಿನಗಳಲ್ಲಿ ತಾವೇ ತಿರುಗಾಡುತ್ತಾರೆ. ಅಮ್ಮನಿಗೂ ಮಂಡಿನೋವು. ಹೆಚ್ಚಿನ ನಿಲ್ದಾಣಗಳಲ್ಲಿ ಲಿಫ್ಟ್ ಇದ್ದೇ ಇರುತ್ತದೆ, ಆದರೆ ಅದು ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ಅಡಗಿಕೊಂಡಿರುವುದರಿಂದ ಜನರ ಹಿಂದೆ ಹೋಗದೆ ಫಲಕ ನೋಡಿ ನಡೆಯಬೇಕು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಟೋಕಿಯೋದ ರೈಲಿಗೆ ಕಾಲಿಡಬೇಡಿ. ಕೋಣೆ ಕಾದಿರಿಸುವಾಗ ಮಂಚವಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಚಾಪೆಯ ಮೇಲಿನ ಹಾಸಿಗೆ ಚಿತ್ರದಲ್ಲಿ ಚೆನ್ನ, ಬೆಳಿಗ್ಗೆ ಮಂಡಿಯೂರಿ ಏಳುವಾಗ ಅದರ ಬಣ್ಣ ಗೊತ್ತಾಗುತ್ತದೆ. ದೇವಾಲಯಗಳಲ್ಲಿ ಬೂಟು ಬಿಚ್ಚಿ ಹಾಕುವ ಕೆಲಸ ಪದೇಪದೇ ಬರುವುದರಿಂದ ಲೇಸ್ ಇಲ್ಲದ ಬೂಟು ತನ್ನಿ.

ಕ್ಯೋಟೋದಲ್ಲಿ ಕಿಯೊಮಿಜು ದೇವಾಲಯದ ದಾರಿ ಕಡಿದಾದ ಏರು. ಫುಶಿಮಿ ಇನಾರಿ ದೇಗುಲದ ಕೆಂಪು ಕಮಾನುಗಳು 233 ಮೀಟರ್ ಎತ್ತರದ ಬೆಟ್ಟದ ತುದಿಯವರೆಗೂ ಹೋಗುತ್ತವೆಯಾದರೂ, ರೈಲು ನಿಲ್ದಾಣದ ಎದುರಿಗೇ ಇರುವ ಬಾಗಿಲಿನಿಂದ ಸ್ವಲ್ಪ ದೂರ ಹೋಗಿ ಮರಳಿದರೂ ನೋಡಿದಂತಾಗುತ್ತದೆ. ನಿಮ್ಮಿಬ್ಬರಿಗೆ ನಾನು ಮೊದಲು ಸೂಚಿಸುವುದು ಸಾಂಜೂಸಾಂಗೆಂದೋ ದೇವಾಲಯ. ಏರಿಲ್ಲದ, ಸುಮಾರು 120 ಮೀಟರ್ ಉದ್ದದ, ಮರದಿಂದ ಕಟ್ಟಿದ ಒಂದೇ ಸಭಾಂಗಣ. ಒಳಗೆ ಕನ್ನೊನ್ ಅಂದರೆ ಅವಲೋಕಿತೇಶ್ವರನ 1,001 ವಿಗ್ರಹಗಳು, ಮುಂದಿನ ಸಾಲಿನಲ್ಲಿ ಕಾವಲಿಗೆ ನಿಂತ 28 ದೇವತೆಗಳು. ಆ ಸಾಲಿನಲ್ಲಿ ಬ್ರಹ್ಮ, ಇಂದ್ರ, ಗರುಡ ಎಲ್ಲರೂ ಇದ್ದಾರೆ. ಅಪ್ಪ ಅಲ್ಲಿಂದ ಹೊರಡಲು ಒಪ್ಪಿರಲಿಲ್ಲ. ಬಸ್ಸುಗಳು ಕಿಕ್ಕಿರಿದಿರುತ್ತವೆ, ಆದ್ದರಿಂದ ಹತ್ತಿರದ ದೂರಗಳಿಗೆ ಟ್ಯಾಕ್ಸಿ ಹಿಡಿಯಿರಿ. ಟ್ಯಾಕ್ಸಿಯ ಬಾಗಿಲನ್ನು ಚಾಲಕರೇ ಒಳಗಿನಿಂದ ತೆರೆಯುತ್ತಾರೆ, ನೀವು ಎಳೆಯಬೇಡಿ.

ಊಟವೇ ನಿಜವಾದ ಕಷ್ಟ. ತರಕಾರಿ ಮಾತ್ರ ಕಾಣುವ ಸೂಪು, ಊದೋನ್ ಎಂಬ ದಪ್ಪ ನೂಡಲ್ಸ್, ತೆಂಪುರಾ ಎಂಬ ಕರಿದ ತಿಂಡಿಯ ಜೊತೆಗಿನ ಸಾರು, ಎಲ್ಲದರಲ್ಲೂ ದಾಶಿ ಎಂಬ ತಿಳಿಸಾರು ಇರುತ್ತದೆ, ಅದನ್ನು ಸಾಧಾರಣವಾಗಿ ಒಣಮೀನಿನಿಂದ ಮಾಡುತ್ತಾರೆ. ಮಾಂಸ ಬೇಡವೆಂದರೆ ಸಾಲದು. ಮೀನು, ಮೀನಿನ ದಾಶಿ, ಮೊಟ್ಟೆ ಬೇಡವೆಂದು ಜಪಾನಿಯಲ್ಲಿ ಮುದ್ರಿಸಿದ ಚೀಟಿ ಜೇಬಿನಲ್ಲಿರಲಿ. ಬೌದ್ಧ ಮಠಗಳ ಶೋಜಿನ್ ರ್‍ಯೋರಿ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ದುಬಾರಿಯಾದರೂ ಒಮ್ಮೆ ಉಣ್ಣಬೇಕು. ಟೋಕಿಯೋದ ನಿಶಿ ಕಸಾಯ್‌ನಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ದೋಸೆಗೂ ಸಾರಿಗೂ ತೊಂದರೆಯಿಲ್ಲ. ಹೋಟೆಲಿನ ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಬಹುತೇಕ ಇರುವುದರಿಂದ ಗೊಜ್ಜವಲಕ್ಕಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟಿನ ಪೊಟ್ಟಣಗಳು ರಾತ್ರಿಯ ಹೊಟ್ಟೆಗೆ ಆಧಾರ. ತಾಜಾ ಹಣ್ಣು, ತರಕಾರಿ, ಕರಿಬೇವು ಮಾತ್ರ ತರಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ.

ಮೈಸೂರಿನ ಮಾಜಿ ವಿಮಾ ನೌಕರ

ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನನಗಿಲ್ಲ, ಆದರೆ ಮಕ್ಕಳ ಆತಂಕವನ್ನು ಯಾರೂ ತೂಗಿನೋಡಲಿಲ್ಲ. ಟಕ್ಯೂಬಿನ್ ಪೆಟ್ಟಿಗೆಯನ್ನು ಹೊರುತ್ತದೆ, ಆಸ್ಪತ್ರೆಯ ಬಿಲ್ಲನ್ನು ಹೊರುವುದಿಲ್ಲ. ಅನೇಕ ಪ್ರಯಾಣ ವಿಮೆಗಳಲ್ಲಿ 70 ದಾಟಿದೊಡನೆ ಪ್ರೀಮಿಯಂ ಏರುತ್ತದೆ ಅಥವಾ ವಿಮಾ ಮೊತ್ತ ಕುಗ್ಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೊದಲೇ ಇರುವ ಕಾಯಿಲೆಯಿಂದಾದ ತೊಂದರೆಗೆ ಹಲವು ಪಾಲಿಸಿಗಳು ಹಣ ಕೊಡುವುದೇ ಇಲ್ಲ, ಕೊಟ್ಟರೂ ಪ್ರಾಣಾಪಾಯದ ಸ್ಥಿತಿಯಲ್ಲಿ ಮಾತ್ರ. ಅರ್ಜಿಯಲ್ಲಿ ರಕ್ತದೊತ್ತಡ, ಸಕ್ಕರೆ ಎರಡನ್ನೂ ಬರೆಯಿರಿ. ಪ್ರೀಮಿಯಂ ಕಡಿಮೆಯಾಗಲೆಂದು ಏಜೆಂಟರು ಆ ಅಂಕಣವನ್ನು ಖಾಲಿ ಬಿಡಿಸಿದ ಕಡತಗಳು ಕ್ಲೇಮಿನ ಹೊತ್ತಿಗೆ ಏನಾಗುತ್ತವೆಂಬುದನ್ನು ನಾನು ಮೇಜಿನ ಈಚೆಗೆ ಕುಳಿತು ನೋಡಿದ್ದೇನೆ. ಹೃದಯಾಘಾತವಾದರೆ ಈ ಪಾಲಿಸಿಯಲ್ಲಿ ಎಷ್ಟು ಸಿಗುತ್ತದೆ ಎಂಬ ನೇರ ಪ್ರಶ್ನೆಯನ್ನು ಇಮೇಲಿನಲ್ಲಿ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದ ಮೇಲೆಯೇ ವಿಮಾನದ ಟಿಕೆಟ್ ಕೊಳ್ಳಿ. ಆಸ್ಪತ್ರೆಗೆ ಸೇರುವಾಗಲೇ ವಿಮೆಯವರ ಸಹಾಯವಾಣಿಗೆ ತಿಳಿಸಬೇಕು, ಬಿಡುಗಡೆಯಾದ ಮೇಲಲ್ಲ. ಆ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಜಪಾನಿನಲ್ಲಿ ಆಂಬ್ಯುಲೆನ್ಸಿಗೆ 119, ಪೊಲೀಸರಿಗೆ 110.

ಲಿಖಿತ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಮೊದಲು ಶ್ರೀಲಂಕಾಕ್ಕೆ ಹೋಗಿಬರಬಹುದೆಂಬುದು ನನ್ನ ಅಭಿಪ್ರಾಯ. ಬೆಂಗಳೂರಿನಿಂದ ಒಂದೂವರೆ ಗಂಟೆಯ ಹಾರಾಟ, ಸಮಯದ ವ್ಯತ್ಯಾಸವಿಲ್ಲ, ಅನ್ನ ಸಾರು ಎಲ್ಲೆಡೆ ಸಿಗುತ್ತದೆ. ಸಿಗಿರಿಯ ಬಂಡೆಯ ಸಾವಿರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಕೆಳಗಿನಿಂದಲೇ ನೋಡಿದರಾಯಿತು.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ವಿಮಾ ಕಂಪನಿಗೆ ಇಂದೇ ಇಮೇಲು ಬರೆದಿದ್ದೇನೆ. ಉತ್ತರ ಬರುವವರೆಗೆ ಟಿಕೆಟ್ ಕೊಳ್ಳುವುದಿಲ್ಲವೆಂದು ಮಕ್ಕಳಿಗೂ ಹೇಳಿದ್ದೇನೆ. ಎರಡು ಸಣ್ಣ ಸಂದೇಹಗಳಿವೆ. ನವೆಂಬರ್ ತಿಂಗಳಲ್ಲಿ ಪಿಂಚಣಿಗಾಗಿ ಜೀವಿತ ಪ್ರಮಾಣಪತ್ರ ಕೊಡಬೇಕಲ್ಲ, ಆಗ ಊರಿನಲ್ಲಿ ಇಲ್ಲದಿದ್ದರೆ ಹೇಗೆ? ವೀಸಾ ಕಾಗದದ ಮೇಲೆ ಬರುವುದಿಲ್ಲವಂತೆ, ನಿಜವೇ?

ಕಾವಾಸಾಕಿಯ ಕನ್ನಡಿಗ

ಪಿಂಚಣಿಗೆ ನವೆಂಬರ್ ಪೂರ್ತಿ ಅವಕಾಶವಿರುವುದರಿಂದ ಹಿಂದಿರುಗಿದ ಮೇಲೆ ಕೊನೆಯ ವಾರದವರೆಗೆ ಕಾಯದೆ ಮುಗಿಸಿಬಿಡಿ ಸರ್. ಬ್ಯಾಂಕಿಗೆ ಹೋಗಲಾಗದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಜೀವನ್ ಪ್ರಮಾಣ್ ಮಾಡಿಸಬಹುದು. ವೀಸಾ ವಿಷಯ ನಿಜ. ಭಾರತದಲ್ಲಿರುವ ಪ್ರವಾಸಿಗರಿಗೆ ಜಪಾನ್ ಈಗ ಇ-ವೀಸಾ ಕೊಡುತ್ತದೆ. ವಿಮಾನ ನಿಲ್ದಾಣದಲ್ಲಿ ವೀಸಾ ನೀಡಿಕೆಯ ಪುಟವನ್ನು ಇಂಟರ್ನೆಟ್ ಸಂಪರ್ಕದಲ್ಲಿ ಫೋನಿನ ಪರದೆಯ ಮೇಲೆಯೇ ತೆರೆದು ತೋರಿಸಬೇಕು, ಮುದ್ರಿಸಿದ ಹಾಳೆಯನ್ನಾಗಲಿ ಸ್ಕ್ರೀನ್‌ಶಾಟನ್ನಾಗಲಿ ಒಪ್ಪುವುದಿಲ್ಲ. ಆ ಪುಟ ತೆರೆಯುವುದನ್ನು ಮನೆಯಲ್ಲೇ ಇಬ್ಬರೂ ಅಭ್ಯಾಸ ಮಾಡಿಕೊಳ್ಳಿ. ಬ್ಯಾಂಕಿನ ಒಟಿಪಿ ಬರಬೇಕಾದರೆ ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿರಬೇಕು. ಅದನ್ನು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ಪರೀಕ್ಷಿಸಿ.