ಎರಡೆರಡು ಸಲ ಬಿದ್ದಿರುವ ಟೈಮ್ ಎಂಟ್ರಿಗಳನ್ನು ಅಳಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮಸ್ಕಾರ. ನಮ್ಮ ತಂಡ ಕೆಲಸದ ಗಂಟೆಗಳನ್ನು ರೆಡ್‌ಮೈನ್ ಎಂಬ ಪ್ರಾಜೆಕ್ಟ್ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿ ಬರೆದಿಡುತ್ತದೆ. ಕಳೆದ ತಿಂಗಳ ಗಂಟೆಗಳಿದ್ದ ಸಿಎಸ್‌ವಿ ಫೈಲು (ಸಾಲು ಸಾಲಾಗಿ ಮಾಹಿತಿ ಇರುವ ಸರಳ ಪಟ್ಟಿ) ಎರಡು ಸಲ ಇಂಪೋರ್ಟ್ ಆಗಿ ಎಲ್ಲರ ಗಂಟೆಯೂ ದುಪ್ಪಟ್ಟು ತೋರಿಸುತ್ತಿದೆ. ಒಂದೊಂದನ್ನೇ ತೆರೆದು ಅಳಿಸುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಜಿರಾ ಎಂಬ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಬಳಸುವ ಪಕ್ಕದ ತಂಡದಲ್ಲೂ ಇಂಥವು ಒಂದಷ್ಟಿವೆ. ಅಳಿಸುವ ಮುಂಚೆ ಏನೇನು ನೋಡಿಕೊಳ್ಳಬೇಕು?

ರೆಡ್‌ಮೈನ್ ಅಡ್ಮಿನ್ ಒಬ್ಬರು: ಪ್ರಾಜೆಕ್ಟಿನ 'ಸ್ಪೆಂಟ್ ಟೈಮ್' ಪಟ್ಟಿಗೆ ಹೋಗಿ ದಿನಾಂಕ, ಬಳಕೆದಾರರ ಫಿಲ್ಟರ್ ಹಾಕಿ. ಬೇಕಾದ ಸಾಲುಗಳನ್ನು ಟಿಕ್ ಮಾಡಿ ರೈಟ್ ಕ್ಲಿಕ್ ಒತ್ತಿದರೆ ಡಿಲೀಟ್ ಸಿಗುತ್ತದೆ, ಅಷ್ಟೂ ಒಟ್ಟಿಗೆ ಹೋಗುತ್ತವೆ. ಬೇರೆಯವರ ಎಂಟ್ರಿ ಅಳಿಸಲು ನಿಮ್ಮ ರೋಲ್‌ಗೆ 'ಎಡಿಟ್ ಟೈಮ್ ಲಾಗ್ಸ್' ಅನುಮತಿ ಬೇಕು; 'ಎಡಿಟ್ ಓನ್ ಟೈಮ್ ಲಾಗ್ಸ್' ಮಾತ್ರ ಇದ್ದರೆ ನಿಮ್ಮವಷ್ಟೇ. ಅಳಿಸಿದ್ದನ್ನು ವಾಪಸ್ ತರುವ ಬಟನ್ ಇಲ್ಲ. ಅದಕ್ಕೇ ಆ ಪಟ್ಟಿಯನ್ನು ಮೊದಲು ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಡೇಟಾಬೇಸ್ ಬ್ಯಾಕಪ್ಪನ್ನೂ ತೆಗೆಸಿ.

ತಂಡದ ಲೀಡ್ ಒಬ್ಬರು: ಅಳಿಸುವುದಕ್ಕಿಂತ ಯಾವುದು ನಕಲು ಎಂದು ಗುರುತಿಸುವುದೇ ಕಷ್ಟ. ಒಬ್ಬರೇ ಒಂದೇ ದಿನ, ಒಂದೇ ಇಶ್ಯೂ (ಅಂದರೆ ದಾಖಲಿಸಿಟ್ಟ ಒಂದು ಕೆಲಸ) ಮೇಲೆ, ಬೆಳಿಗ್ಗೆ 1 ಗಂಟೆ ಸಂಜೆ 1 ಗಂಟೆ ಬರೆದಿರಬಹುದು. ಕಾಮೆಂಟ್ ಕೂಡ 'ರಿವ್ಯೂ' ಅಂತಲೇ ಇರಬಹುದು. ಅದು ನಕಲಲ್ಲ, ದುಡಿದ ಗಂಟೆ. ಒಂದೇ ಥರ ಕಂಡದ್ದನ್ನೆಲ್ಲ ಒಂದಕ್ಕೆ ಇಳಿಸಿದರೆ ಆ ಮನುಷ್ಯನ ದುಡಿಮೆ ದಾಖಲೆಯಿಂದಲೇ ಮಾಯ. ಮೂಲ ಸಿಎಸ್‌ವಿ ಕೈಯಲ್ಲಿದೆಯಲ್ಲ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಫೈಲಿನಲ್ಲಿ ಒಂದು ಸಾಲು ಎರಡು ಸಲ ಇದ್ದರೆ ಈಗ ಪಟ್ಟಿಯಲ್ಲಿ ನಾಲ್ಕಿರುತ್ತವೆ, ಎರಡು ಉಳಿಯಬೇಕು. ಮತ್ತೆ, ತಂಡದವರಿಗೆ ಹೇಳದೆ ಅವರ ಗಂಟೆಗೆ ಕೈ ಹಾಕಬೇಡಿ. ಯಾಕೆ ಕಡಿಮೆಯಾಯಿತು ಎಂದು ಅವರೇ ಬಂದು ಕೇಳುವ ಹಾಗಾಗಬಾರದು.

ಜಿರಾ ನೋಡಿಕೊಳ್ಳುವವರು: ಪಕ್ಕದ ತಂಡಕ್ಕೆ ಒಂದು ಮಾತು. ಜಿರಾದಲ್ಲಿ ವರ್ಕ್‌ಲಾಗ್ (ಗಂಟೆಯ ಎಂಟ್ರಿಗೆ ಅಲ್ಲಿನ ಹೆಸರು) ಅಳಿಸುವಾಗ ಉಳಿದ ಅಂದಾಜನ್ನು, ಅಂದರೆ ಇನ್ನೆಷ್ಟು ಗಂಟೆ ಕೆಲಸ ಬಾಕಿ ಎಂಬ ಲೆಕ್ಕವನ್ನು, ಏನು ಮಾಡಬೇಕು ಎಂದೂ ತೀರ್ಮಾನಿಸಬೇಕು. ಮೂಲ ಅಂದಾಜು 10 ಗಂಟೆ, ನಿಜವಾಗಿ ಆದದ್ದು 4 ಎನ್ನಿ. ನಕಲು ಸೇರಿ 8 ಆಗಿ, ಉಳಿದದ್ದು 2ಕ್ಕೆ ಇಳಿದಿರುತ್ತದೆ. ನಕಲಿನ 4 ಗಂಟೆ ಅಳಿಸುವಾಗ ತಾನಾಗಿ ಸರಿಹೊಂದಿಸುವ ಆಯ್ಕೆ ಇಟ್ಟರೆ ಉಳಿದದ್ದು ಮತ್ತೆ 6 ಆಗುತ್ತದೆ. ಇದ್ದಂತೆಯೇ ಬಿಡು ಎಂದರೆ 2ರಲ್ಲೇ ನಿಂತು, ಕೆಲಸ ಮುಗಿಯುತ್ತಾ ಬಂದಿದೆ ಅನ್ನಿಸುತ್ತದೆ. ಆದರೆ ಯಾರಾದರೂ ಮಧ್ಯೆ ಉಳಿದ ಅಂದಾಜನ್ನು ಕೈಯಾರೆ ತಿದ್ದಿದ್ದರೆ ಇದ್ದಂತೆ ಬಿಡುವುದೇ ಸರಿ. ಅದಕ್ಕೆ ಇಶ್ಯೂವಿನ ಹಿಸ್ಟರಿ ನೋಡಿ. ಅನುಮತಿ ಇಲ್ಲೂ ಎರಡು ಬಗೆ: ನಮ್ಮದನ್ನು ಅಳಿಸುವುದು ಬೇರೆ, ಎಲ್ಲರದನ್ನೂ ಅಳಿಸುವುದು ಬೇರೆ.

ಬಿಲ್ಲಿಂಗ್ ವಿಭಾಗದವರು: ದಯವಿಟ್ಟು ಮೊದಲು ನಮ್ಮನ್ನು ಕೇಳಿ! ಆ ತಿಂಗಳ ಇನ್‌ವಾಯ್ಸ್ ಹೋಗಿದ್ದರೆ ಅದರ ಆಧಾರವೇ ಈ ಗಂಟೆಗಳು. ಬಿಲ್ ಒಂದು ಹೇಳಿ ದಾಖಲೆ ಇನ್ನೊಂದು ಹೇಳಿದರೆ ಗ್ರಾಹಕರಿಗೆ ಉತ್ತರ ಕೊಡಬೇಕಾದವರು ನಾವು. ದುಪ್ಪಟ್ಟು ಗಂಟೆಗೆ ಬಿಲ್ ಆಗಿದ್ದರೆ ಅದನ್ನೂ ಅವರಿಗೆ ತಿಳಿಸಿ ಸರಿಪಡಿಸಬೇಕು, ಸುಮ್ಮನೆ ಅಳಿಸಿ ಕೂರುವಂತಿಲ್ಲ. ಬೇರೆ ಪ್ರಾಜೆಕ್ಟಿಗೆ ಬಿದ್ದ ಗಂಟೆಯಾದರೆ ಅಳಿಸಬೇಡಿ, ಅಲ್ಲಿಗೆ ಸರಿಸಿ.

ರೆಡ್‌ಮೈನ್ ಅಡ್ಮಿನ್: ಇನ್ನೊಂದು. ಬೇಗ ಆಗಲಿ ಎಂದು ಇಶ್ಯೂವನ್ನೇ ಅಳಿಸಲು ಹೋಗಬೇಡಿ. ಹಾಗೆ ಮಾಡಿದರೆ ಅದರಲ್ಲಿರುವ ಗಂಟೆಗಳನ್ನು ಅಳಿಸಬೇಕೋ, ಪ್ರಾಜೆಕ್ಟಿಗೆ ಸೇರಿಸಬೇಕೋ, ಬೇರೆ ಇಶ್ಯೂಗೆ ಕೊಡಬೇಕೋ ಎಂದು ರೆಡ್‌ಮೈನ್ ಕೇಳುತ್ತದೆ. ಅವಸರದಲ್ಲಿ ಮೊದಲನೆಯದನ್ನು ಒಪ್ಪಿಬಿಟ್ಟರೆ ನಕಲಿನ ಜೊತೆ ಅಸಲೂ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಇನ್‌ವಾಯ್ಸ್ ಇನ್ನೂ ಹೋಗಿಲ್ಲವಂತೆ, ಸಮಾಧಾನವಾಯಿತು. ಫೈಲಿನಲ್ಲೇ ಎರಡೆರಡು ಸಲ ಇರುವ ಸಾಲುಗಳೂ ಸಿಕ್ಕಿವೆ. ಎರಡನೇ ಇಂಪೋರ್ಟಿನವನ್ನು ಮಾತ್ರ ಆರಿಸುವುದು ಹೇಗೆ?

ಡೆವಲಪರ್ ಒಬ್ಬರು: ರೆಡ್‌ಮೈನ್‌ನ ಎಪಿಐ (ಪ್ರೋಗ್ರಾಂ ಬರೆದು ಮಾಹಿತಿ ಪಡೆಯುವ ದಾರಿ) ಮೂಲಕ ಎಂಟ್ರಿಗಳನ್ನು ತರಿಸಿಕೊಳ್ಳಿ, ಪ್ರತಿ ಎಂಟ್ರಿಗೂ ಐಡಿ ಬರುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ 100 ಸಿಗುತ್ತವೆ, ಉಳಿದದ್ದಕ್ಕೆ ಆಫ್‌ಸೆಟ್ (ಮೊದಲಿನ ಎಷ್ಟನ್ನು ಬಿಟ್ಟು ಮುಂದಿನದು ಬೇಕು ಎಂಬ ಸಂಖ್ಯೆ) ಕೊಡುತ್ತಾ ಹೋಗಿ. ಆಮೇಲೆ ಆದ ಇಂಪೋರ್ಟಿನ ಐಡಿಗಳು ದೊಡ್ಡವು. ಎಂಟ್ರಿ ಸೇರಿದ ಸಮಯವೂ ಜೊತೆಗೇ ಬರುವುದರಿಂದ ಎರಡು ಗುಂಪು ಬೇರೆಯಾಗಿ ಕಾಣುತ್ತದೆ. ಆ ಐಡಿಗಳ ಪಟ್ಟಿಯನ್ನು ಲೀಡ್‌ಗೆ ತೋರಿಸಿ, ಒಂದನ್ನು ಅಳಿಸಿ ಒಟ್ಟು ಗಂಟೆ ಸರಿಯಾಗಿ ಇಳಿಯಿತೇ ನೋಡಿ, ಆಮೇಲೆ ಮಿಕ್ಕಿದ್ದಕ್ಕೆ ಸ್ಕ್ರಿಪ್ಟ್ ಓಡಿಸಿ.